ಆಟೋಕ್ರಾಸ್ ಎಸ್ಟೀಮ್‌ಗೆ ಇಸಿಯು ಹುಡುಕಿದ ಕಥೆ: ಪೆಟ್ಟಿಗೆಗಿಂತ ಮೊದಲು ಗಾಳಿಯ ಲೆಕ್ಕ

ಗಾಡಿ ಮಾರುತಿ ಎಸ್ಟೀಮ್, 1990ರ ದಶಕದ ಕಾರ್ಬುರೇಟರ್ ಮಾಡೆಲ್. ಬಾನೆಟ್ ಕೆಳಗೆ ಈಗ ಕೂತಿರುವುದು ಅದರ ಹುಟ್ಟು ಎಂಜಿನ್ ಅಲ್ಲ. ಅದೇ ಸುಜುಕಿ ಜಿ ಸರಣಿಯ, ಅದೇ 1298 ಸಿಸಿಯ, ಆದರೆ 16 ವಾಲ್ವ್‌ನ ಜಿ13ಬಿಬಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಬ್ಲಾಕ್, ಹೆಡ್, ಗೇರ್‌ಬಾಕ್ಸ್ ಎಲ್ಲ ಇತ್ತು; ವೈರಿಂಗ್ ಇರಲಿಲ್ಲ, ಇಸಿಯು (ಪೆಟ್ರೋಲ್, ಸ್ಪಾರ್ಕ್ ಎರಡನ್ನೂ ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ) ಇರಲಿಲ್ಲ, ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಒಡೆದಿತ್ತು. ಹೇಗೂ ಹೊಸದಾಗಿ ಮಾಡಲೇಬೇಕು ಅಂದಮೇಲೆ ಒಂದು 600 ಸಿಸಿ ಬೈಕಿನ 38 ಮಿಮೀ ಥ್ರಾಟಲ್ ಬಾಡಿಗಳನ್ನು (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲುಗಳನ್ನು) ತಂದು, ಪೋರ್ಟ್‌ಗಳ ಅಂತರಕ್ಕೆ ತಕ್ಕಂತೆ ಕತ್ತರಿಸಿ ಜೋಡಿಸಿದೆವು. ಸಿಲಿಂಡರ್‌ಗೊಂದರಂತೆ ನಾಲ್ಕು ಥ್ರಾಟಲ್. ಜೊತೆಗೆ ಸ್ವಲ್ಪ ಹೆಚ್ಚು ಲಿಫ್ಟ್‌ಗೆ ಗ್ರೈಂಡ್ ಮಾಡಿಸಿದ ಕ್ಯಾಮ್, ಅಂದರೆ ವಾಲ್ವ್ ತೆರೆಯುವ ದಂಡ.

ಇದು ರಸ್ತೆಯ ಗಾಡಿ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಮೂಲ ರೂಪ ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಎರಡನ್ನೂ ಓದಿದವರಿಗೆ ಇಂಥ ಗಾಡಿಯನ್ನು ಎಂ.ಜಿ. ರೋಡಿಗೆ ಇಳಿಸುವ ಧೈರ್ಯ ಬರುವುದಿಲ್ಲ, ಬರಲೂ ಬಾರದು. ಇದು ಲಾರಿ ಮೇಲೆ ಹೋಗುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಗದ್ದೆ ಕೊಯ್ಲಾದ ಮೇಲೆ ನಡೆಯುವ ಆಟೋಕ್ರಾಸ್ ಎಂಬ ಮಣ್ಣಿನ ಓಟಗಳಿಗೆ, ಮಂಗಳೂರಿನ ಕಡೆಯ ಮಣ್ಣಿನ ಟ್ರ್ಯಾಕ್‌ಗಳಿಗೆ. ಓಡುತ್ತದೆ, ಮಣ್ಣು ಬಳಿದುಕೊಂಡು ಮತ್ತೆ ಲಾರಿ ಹತ್ತುತ್ತದೆ.

ಈ ವಿವರಗಳೆಲ್ಲ ಯಾಕೆಂದರೆ, ಯಾವ ಇಸಿಯು ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಇರುವುದು ಇವುಗಳಲ್ಲೇ. ಈ ವಿಷಯ ಎತ್ತಿದ ಕೂಡಲೇ ಮಾತು ಬ್ರ್ಯಾಂಡ್‌ಗೆ ಹೋಗಿಬಿಡುತ್ತದೆ. ಹಾಲ್ಟೆಕ್ ಒಳ್ಳೆಯದಾ, ಲಿಂಕ್ ಒಳ್ಳೆಯದಾ, ಮೆಗಾಸ್ಕ್ವರ್ಟ್ ಸಾಕಾ? ನನ್ನ ಪ್ರಕಾರ ಆ ಪ್ರಶ್ನೆ ಕೊನೆಯಲ್ಲಿ ಬರಬೇಕು. ನಿಮ್ಮ ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಯಾವ ಸೆನ್ಸರ್ ನಂಬಿ ಅಳೆಯುತ್ತೀರಿ? ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎಲ್ಲಿದೆ ಎಂದು ಯಾವ ಸೆನ್ಸರ್ ಹೇಳುತ್ತದೆ? ಈ ಎರಡಕ್ಕೆ ಉತ್ತರ ಬರೆದಿಟ್ಟರೆ ಪಟ್ಟಿಯಲ್ಲಿರುವ ಅರ್ಧ ಹೆಸರುಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಹಳೆಯ ಇಸಿಯು ಯಾಕೆ ಬೇಡ

ಎಸ್ಟೀಮ್‌ಗೆ ಎಂಪಿಎಫ್‌ಐ (ಸಿಲಿಂಡರ್‌ಗೊಂದು ಇಂಜೆಕ್ಟರ್ ಇಟ್ಟು ಇಸಿಯುವಿನಿಂದ ಪೆಟ್ರೋಲ್ ಬಿಡುವ ವ್ಯವಸ್ಥೆ) ಬಂದದ್ದು 1999ರಲ್ಲಿ, ದೆಹಲಿಯಲ್ಲಿ ಯೂರೋ ಮಾನದಂಡ ಕಡ್ಡಾಯವಾದ ಹೊತ್ತಿಗೆ. ಕಾರ್ಬುರೇಟರ್ ಎಸ್ಟೀಮ್ 65 ಬಿಎಚ್‌ಪಿ ಕೊಡುತ್ತಿತ್ತು, 16 ವಾಲ್ವ್ ಎಂಪಿಎಫ್‌ಐ 85 ಕೊಟ್ಟಿತು. ಆ ಇಸಿಯು ಗುಜರಿಯಲ್ಲಿ ಈಗಲೂ ಸಿಗುತ್ತದೆ, ಅಗ್ಗ, ಗಟ್ಟಿ. ಹಾಗಾಗಿ ಮೊದಲ ಯೋಚನೆ ಅದೇ: ಹಾರ್ನೆಸ್ (ವೈರುಗಳ ಕಟ್ಟು) ಸಮೇತ ಅದನ್ನೇ ತಂದು ಹಾಕಿ, ಮೇಲೊಂದು ಪಿಗ್ಗಿಬ್ಯಾಕ್ ಕೂರಿಸುವುದು. ಪಿಗ್ಗಿಬ್ಯಾಕ್ ಅಂದರೆ ಸೆನ್ಸರ್ ಮತ್ತು ಮೂಲ ಇಸಿಯು ನಡುವೆ ಕೂತು ಸಿಗ್ನಲ್ ತಿದ್ದುವ ಪೆಟ್ಟಿಗೆ. ಬೆಂಗಳೂರಿನದೇ ಕಂಪನಿ ರೇಸ್ ಡೈನಾಮಿಕ್ಸ್ ತನ್ನ ಪವರ್‌ಟ್ರಾನಿಕ್‌ನಿಂದ ಈ ಕ್ಷೇತ್ರದಲ್ಲಿ ಹೆಸರು ಮಾಡಿದೆ. ಎಂಜಿನ್ ಬಹುಪಾಲು ಸ್ಟಾಕ್ ಇದ್ದು, ಫಿಲ್ಟರ್, ಎಕ್ಸಾಸ್ಟ್ ಮಾತ್ರ ಬದಲಾಗಿದ್ದರೆ ನಾನು ಇನ್ನೊಬ್ಬರಿಗೂ ಪಿಗ್ಗಿಬ್ಯಾಕನ್ನೇ ಹೇಳುತ್ತೇನೆ. ತಣ್ಣಗಿದ್ದಾಗ ಸ್ಟಾರ್ಟ್ ಆಗುವುದು, ಐಡ್ಲಿಂಗ್, ಇವೆಲ್ಲ ಕಂಪನಿಯವರು ವರ್ಷಗಟ್ಟಲೆ ಕೂತು ಸರಿಮಾಡಿದ ಕೆಲಸ. ಅದನ್ನು ಪುಕ್ಕಟೆ ಬಿಟ್ಟುಕೊಡುವುದು ಯಾಕೆ?

ನಮ್ಮ ಗಾಡಿಯಲ್ಲಿ ಅದು ನಡೆಯುವುದಿಲ್ಲ. ಮೂಲ ಇಸಿಯು ಮ್ಯಾನಿಫೋಲ್ಡ್ ಒತ್ತಡವನ್ನು, ಅಂದರೆ ಮ್ಯಾಪ್ ಸೆನ್ಸರನ್ನು, ನಂಬಿ ಪೆಟ್ರೋಲ್ ಅಳೆಯುತ್ತದೆ. ಒಂದೇ ಥ್ರಾಟಲ್, ಅದರ ಹಿಂದೆ ದೊಡ್ಡ ಪ್ಲೀನಮ್ (ಗಾಳಿ ತುಂಬಿ ನಿಲ್ಲುವ ಡಬ್ಬಿ), ಅಲ್ಲಿ ಸಮನಾದ ಒತ್ತಡ: ಇಷ್ಟಿದ್ದರೆ ಆ ಲೆಕ್ಕ ಚೆನ್ನಾಗಿ ಕೂರುತ್ತದೆ. ನಾಲ್ಕು ಪ್ರತ್ಯೇಕ ಥ್ರಾಟಲ್ ಹಾಕಿದ ಮೇಲೆ ಪ್ಲೀನಮ್ಮೇ ಇಲ್ಲ. ಸಿಲಿಂಡರ್‌ಗೆ ಗಾಳಿ ಒಯ್ಯುವ ಪ್ರತಿ ಕೊಳವೆಯಲ್ಲೂ, ಅಂದರೆ ರನ್ನರ್‌ನಲ್ಲೂ, ಒತ್ತಡ ಪಿಸ್ಟನ್ ಎಳೆದಾಗ ದಡಕ್ಕನೆ ಬಿದ್ದು ಮತ್ತೆ ಏರುತ್ತದೆ. ನಾಲ್ಕೂ ರನ್ನರ್‌ಗಳಿಂದ ಸಣ್ಣ ಪೈಪ್ ಎಳೆದು ಒಂದು ಪುಟ್ಟ ಡಬ್ಬಿಗೆ ಸೇರಿಸಿದರೆ ಸಿಗ್ನಲ್ ಸ್ವಲ್ಪ ನೆಮ್ಮದಿಯಾಗುತ್ತದೆ, ನಾವೂ ಹಾಗೆ ಮಾಡಿದ್ದೇವೆ. ಆದರೂ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಸಾಕು, ಒತ್ತಡ ಹೊರಗಿನ ವಾತಾವರಣದ ಹತ್ತಿರಕ್ಕೆ ಬಂದು ನಿಂತುಬಿಡುತ್ತದೆ. ಕಾಲು ಭಾಗ ತೆರೆದದ್ದಕ್ಕೂ ಪೂರ್ತಿ ತೆರೆದದ್ದಕ್ಕೂ ಮ್ಯಾಪ್ ಸೆನ್ಸರ್ ಹೆಚ್ಚುಕಮ್ಮಿ ಒಂದೇ ಅಂಕಿ ಹೇಳಿದರೆ, ಮೂಲ ಇಸಿಯು ಏನನ್ನು ಅಳೆಯುತ್ತದೆ, ಪಿಗ್ಗಿಬ್ಯಾಕ್ ಏನನ್ನು ತಿದ್ದುತ್ತದೆ? ಅಲ್ಲಿಗೆ ಸ್ಟ್ಯಾಂಡ್‌ಅಲೋನ್ ಇಸಿಯು, ಅಂದರೆ ಮೂಲ ಪೆಟ್ಟಿಗೆಯ ಹಂಗಿಲ್ಲದೆ ಎಂಜಿನ್ನನ್ನು ತಾನೇ ಓಡಿಸುವಂಥದ್ದು, ಖಾತ್ರಿಯಾಯಿತು.

ಗಾಳಿಯ ಲೆಕ್ಕ

ಮ್ಯಾಪ್ ನಂಬಲಾಗದಿದ್ದರೆ ಉಳಿಯುವುದು ಆಲ್ಫಾ-ಎನ್. ಥ್ರಾಟಲ್ ಎಷ್ಟು ಡಿಗ್ರಿ ತೆರೆದಿದೆ, ಎಂಜಿನ್ ಎಷ್ಟು ಆರ್‌ಪಿಎಂ, ಈ ಎರಡರ ಕೋಷ್ಟಕದಿಂದ ಪೆಟ್ರೋಲ್ ಎಷ್ಟು ಬೇಕೆಂದು ತೀರ್ಮಾನಿಸುವುದು. ಮದುವೆ ಮನೆಯ ಬಾಗಿಲು ಎಷ್ಟು ತೆರೆದಿದೆ ಎಂದು ನೋಡಿ ಒಳಗೆ ಎಷ್ಟು ಎಲೆ ಹಾಕಬೇಕೆಂದು ಅಡುಗೆಯವರು ಊಹಿಸಿದಂತೆ. ಬಾಗಿಲಿನ ಮುಂದೆ ಯಾವತ್ತೂ ಅಷ್ಟೇ ಜನ ಇದ್ದರೆ ಊಹೆ ತಪ್ಪುವುದಿಲ್ಲ. ಕರ್ನಾಟಕದಲ್ಲಿ ಓಡಾಡುವ ಗಾಡಿಗೆ ಅದು ಹಾಗಿರುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಮಂಗಳೂರಿನ ಕಡಲಂಚಿನಲ್ಲಿ 101ರ ಆಸುಪಾಸು. ಅದೇ ಥ್ರಾಟಲ್, ಅದೇ ಆರ್‌ಪಿಎಂ, ಆದರೆ ಸಿಲಿಂಡರ್‌ಗೆ ಹೋಗುವ ಗಾಳಿ ಶೇ 11ರಷ್ಟು ಹೆಚ್ಚು. ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆಗೆ ಲ್ಯಾಂಬ್ಡಾ ಎನ್ನುತ್ತಾರೆ: 1 ಅಂದರೆ ಸರಿಸಮ, ಅದಕ್ಕಿಂತ ಕಡಿಮೆಯಾದರೆ ರಿಚ್ (ಪೆಟ್ರೋಲ್ ಹೆಚ್ಚು), ಹೆಚ್ಚಾದರೆ ಲೀನ್ (ಪೆಟ್ರೋಲ್ ಕಡಿಮೆ). ಬೆಂಗಳೂರಿನಲ್ಲಿ ಪೂರ್ತಿ ಥ್ರಾಟಲ್‌ಗೆ ಲ್ಯಾಂಬ್ಡಾ 0.87 ಎಂದು ಕೂರಿಸಿದ ಎಂಜಿನ್, ತಿದ್ದುಪಡಿ ಇಲ್ಲದಿದ್ದರೆ ಮಂಗಳೂರಿನಲ್ಲಿ 0.96 ದಾಟಿ, ಬೇಕಾದ್ದಕ್ಕಿಂತ ಲೀನ್ ಓಡುತ್ತದೆ. ಒತ್ತಡ ಹೆಚ್ಚಾಗಿ ಸಿಲಿಂಡರ್ ತುಂಬ ತುಂಬಿಕೊಂಡಿರುವಾಗಲೇ ಮಿಶ್ರಣ ಲೀನ್ ಆಗುವುದು ಪಿಸ್ಟನ್‌ಗೆ ಎಷ್ಟು ಕೆಟ್ಟದ್ದೆಂದು ನಾಕಿಂಗ್‌ನಿಂದ (ಮಿಶ್ರಣ ಸಿಲಿಂಡರ್‌ನೊಳಗೆ ತಾನಾಗಿಯೇ ಸಿಡಿಯುವುದರಿಂದ) ತೂತಾದ ಪಿಸ್ಟನ್ ನೋಡಿದವರಿಗೆ ಗೊತ್ತು. ಮಂಗಳೂರಿನಲ್ಲಿ ಟ್ಯೂನ್ ಮಾಡಿ ಚಿಕ್ಕಮಗಳೂರಿಗೆ ಹತ್ತಿಸಿದರೆ ಉಲ್ಟಾ: ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಕಾಲಿಟ್ಟರೆ ತಡವರಿಸುವ ಗಾಡಿ.

ಹಾಗಾಗಿ ನಮ್ಮ ಮೊದಲ ಷರತ್ತು: ವಾತಾವರಣದ ಒತ್ತಡವನ್ನು ಓದಿ ಪೆಟ್ರೋಲ್ ತಿದ್ದುವ ವ್ಯವಸ್ಥೆ ಇರಬೇಕು, ಅದೂ ಬೇರೆಯದೇ ಸೆನ್ಸರ್‌ನಿಂದ. ಕೆಲವು ಅಗ್ಗದ ವ್ಯವಸ್ಥೆಗಳು ಕೀ ಆನ್ ಮಾಡಿದಾಗ, ಎಂಜಿನ್ ತಿರುಗುವ ಮೊದಲು, ಮ್ಯಾಪ್ ಸೆನ್ಸರನ್ನೇ ಒಮ್ಮೆ ಓದಿ ಅದನ್ನು ವಾತಾವರಣದ ಒತ್ತಡ ಎಂದು ಇಟ್ಟುಕೊಳ್ಳುತ್ತವೆ. ಲಾರಿ ಮೇಲೆ ಹೋಗುವ ಗಾಡಿಗೆ ಇದು ಬಹುತೇಕ ಸಾಕು. ಓಡುತ್ತ ಘಾಟಿ ಹತ್ತುವುದಿಲ್ಲವಲ್ಲ. ಆದರೆ ಎಂಜಿನ್ ತಿರುಗುತ್ತಿರುವಾಗಲೇ ವೋಲ್ಟೇಜ್ ಕುಸಿದು ಇಸಿಯು ರೀಸೆಟ್ ಆದರೆ ರನ್ನರ್‌ನ ಕಡಿಮೆ ಒತ್ತಡವನ್ನೇ ಹೊರಗಿನದೆಂದು ತಿಳಿದುಕೊಳ್ಳುವ ಅಪಾಯ ಉಂಟು. ಗದ್ದೆಯ ಏರಿಗೆ ಬಿದ್ದು ಎಗರುವ ಗಾಡಿಯಲ್ಲಿ ಬ್ಯಾಟರಿ ಟರ್ಮಿನಲ್ ಅಲುಗಾಡುವುದು ಹೊಸ ಸುದ್ದಿಯಲ್ಲ. 15ರಿಂದ 115 ಕಿಲೋಪ್ಯಾಸ್ಕಲ್ ಅಳೆಯುವ ಎಂಪಿಎಕ್ಸ್4115 ತರಹದ ಸೆನ್ಸರ್ ಒಂದು ಸಣ್ಣ ಬಿಡಿಭಾಗ. ಅದರಲ್ಲಿ ದುಡ್ಡು ಉಳಿಸಲು ಹೋಗಬಾರದು.

ಎರಡನೆಯದು ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್, ಬಿಡುಗಡೆಯಾಯಿತು. ಬರೀ ಪೆಟ್ರೋಲ್ ಒಂದು ಗ್ರಾಂ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಥನಾಲ್‌ಗೆ 9 ಸಾಕು. ಶೇ 20 ಎಥನಾಲ್ ಬೆರೆತಾಗ ಈ ಅಂಕಿ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಶೇ 8-9ರಷ್ಟು ಹೆಚ್ಚು ಇಂಧನ ಸುರಿಯಬೇಕು. ಆದ್ದರಿಂದ ಎಲ್ಲ ಲೆಕ್ಕವನ್ನೂ ಲ್ಯಾಂಬ್ಡಾದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಹಳಬರು ಒಂದು ಗ್ರಾಂ ಪೆಟ್ರೋಲ್‌ಗೆ ಇಷ್ಟು ಗ್ರಾಂ ಗಾಳಿ ಎಂಬ ಲೆಕ್ಕದಲ್ಲಿ 'ಹನ್ನೆರಡೂವರೆಗೆ ಇಡು' ಎನ್ನುವುದು ಬರೀ ಪೆಟ್ರೋಲ್ ಕಾಲದ ಮಾತು. ಲ್ಯಾಂಬ್ಡಾ 1 ಅಂದರೆ ಯಾವ ಇಂಧನವಾದರೂ ಸರಿಸಮ, 0.87 ಅಂದರೆ ಯಾವ ಇಂಧನವಾದರೂ ಅಷ್ಟೇ ಪ್ರಮಾಣದಲ್ಲಿ ರಿಚ್. ಎಕ್ಸಾಸ್ಟ್‌ನಲ್ಲಿ ಲ್ಯಾಂಬ್ಡಾ ಅಳೆಯುವ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಅದರ ಕಂಟ್ರೋಲರ್‌ನ 0-5 ವೋಲ್ಟ್ ಔಟ್‌ಪುಟ್ಟನ್ನು ಇಸಿಯುಗೆ ಕೊಟ್ಟಿದ್ದೇವೆ. ವೈಡ್‌ಬ್ಯಾಂಡ್ ಇಲ್ಲದೆ ಸ್ಟ್ಯಾಂಡ್‌ಅಲೋನ್ ಟ್ಯೂನ್ ಮಾಡುತ್ತೇನೆ ಎನ್ನುವವರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ಹಾಗೆಯೇ ಹಳೆಯ ರಬ್ಬರ್ ಫ್ಯೂಯಲ್ ಹೋಸ್‌ಗಳೆಲ್ಲ ಹೋಗಿ ಎಥನಾಲ್ ತಡೆಯುವ ಹೋಸ್ ಬಂತು.

ಇಂಜೆಕ್ಟರ್ ಗಾತ್ರದ ಲೆಕ್ಕವನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಎಲ್ಲರೂ ಅಂದಾಜಿನಲ್ಲಿ ಮುಗಿಸುತ್ತಾರೆ. ಒಂದು ಸಿಲಿಂಡರ್ ಸುಮಾರು 325 ಸಿಸಿ. ಪೂರ್ತಿ ತುಂಬಿದರೆ ಗಾಳಿಯ ತೂಕ 0.39 ಗ್ರಾಂ. ಇ20ಗೆ 13.5ರಿಂದ ಭಾಗಿಸಿದರೆ 0.029 ಗ್ರಾಂ ಇಂಧನ. ನಾವು ಹಾಕಿದ್ದು 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 240 ಸಿಸಿ ಬಿಡುವ, ಹೆಚ್ಚು ರೆಸಿಸ್ಟೆನ್ಸ್‌ನ ಇಂಜೆಕ್ಟರ್. ಅದು ಒಂದು ಮಿಲಿಸೆಕೆಂಡಿಗೆ ಸುಮಾರು 0.003 ಗ್ರಾಂ. ಆದ್ದರಿಂದ 9.6 ಮಿಲಿಸೆಕೆಂಡ್ ತೆರೆದಿರಬೇಕು. ತೆರೆಯಲು ತೆಗೆದುಕೊಳ್ಳುವ ಸುಮಾರು 1 ಮಿಲಿಸೆಕೆಂಡ್ ಬೇರೆ. ಪೂರ್ತಿ ಥ್ರಾಟಲ್‌ನಲ್ಲಿ 0.87ಕ್ಕೆ ರಿಚ್ ಮಾಡಿದರೆ 12 ಮಿಲಿಸೆಕೆಂಡ್ ಹತ್ತಿರ. 7500 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ ಸಿಗುವುದು 16 ಮಿಲಿಸೆಕೆಂಡ್. ಅಂದರೆ ಮುಕ್ಕಾಲು ಭಾಗ ಬಳಕೆ, ಶೇ 85ರ ಒಳಗೇ ಇದೆ. ಇದಕ್ಕಿಂತ ದೊಡ್ಡ ಇಂಜೆಕ್ಟರ್ ತಂದಿದ್ದರೆ ಐಡ್ಲಿಂಗ್‌ನಲ್ಲಿ ತೀರಾ ಸಣ್ಣ ಪಲ್ಸ್ ಆಗಿ ಮಿಸ್ಸಿಂಗ್ ಹೊಡೆಯುತ್ತಿತ್ತು.

ಕ್ರ್ಯಾಂಕ್ ಎಲ್ಲಿದೆ

7500 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು 22 ಮೈಕ್ರೋಸೆಕೆಂಡ್ ಸಾಕು. ಸ್ಪಾರ್ಕ್ ಎರಡು ಡಿಗ್ರಿ ಆಚೀಚೆ ಆದರೂ ಎಂಜಿನ್‌ಗೆ ತಿಳಿಯುತ್ತದೆ. ಹಳೆಯ ಡಿಸ್ಟ್ರಿಬ್ಯೂಟರ್ ನಂಬಿ ಇಷ್ಟು ಲೆಕ್ಕ ಇಡಲು ಆಗುವುದಿಲ್ಲ, ಟೈಮಿಂಗ್ ಬೆಲ್ಟ್‌ನ ಎಳೆತ, ಗೇರ್‌ನ ಸಡಿಲ, ಎಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಕ್ರ್ಯಾಂಕಿಗೇ ನೇರವಾಗಿ ಹಲ್ಲಿನ ಚಕ್ರ ಹಾಕುವುದೇ ಸರಿ.

36-1 ಚಕ್ರ ಆರಿಸಿದೆವು. 36 ಹಲ್ಲಿನ ಜಾಗ, ತಲಾ 10 ಡಿಗ್ರಿ, ಒಂದು ಹಲ್ಲು ಬಿಟ್ಟಿದೆ. ಆ ಖಾಲಿ ಜಾಗ ಬಂದಾಗ ಇಸಿಯುಗೆ ಸುತ್ತಿನ ಗುರುತು ಸಿಗುತ್ತದೆ. ಬಾಷ್‌ನವರ 60-2 ಇನ್ನೂ ನುಣುಪು. ಆದರೆ 7500 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ ಸುಮಾರು 7500 ಹಲ್ಲಿನ ಎಣಿಕೆ, 36-1ರಲ್ಲಿ 4500. ಸಣ್ಣ ಪ್ರಾಸೆಸರ್‌ನ ಇಸಿಯು ಹಾಕುವುದಾದರೆ ಇದು ಗಮನಿಸಬೇಕಾದ ಮಾತು.

ಚಕ್ರವನ್ನು ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಿ ಲೇತ್‌ಗೆ ಒಯ್ದೆವು. ಲೇತ್ ಅಂಗಡಿಯ ಅಣ್ಣ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು: "ಸಾರ್, ಪುಲ್ಲಿ ಹೊರಗಿನ ರಿಂಗಿಗೆ ರಬ್ಬರ್ ಇರೋ ಮಾಡೆಲ್ ಆದ್ರೆ ಅಲ್ಲಿ ಬೋಲ್ಟ್ ಹಾಕ್ಬೇಡಿ. ರಬ್ಬರ್ ಜಾರಿದ್ರೆ ನಿಮ್ಮ ಟೈಮಿಂಗೂ ಜಾರುತ್ತೆ. ಒಳಗಿನ ಹಬ್‌ಗೆ ಸೆಂಟರ್ ತೆಗ್ದು ಕೊಡ್ತೀನಿ." ಸ್ಟೆಪ್ ತಿರುವಿ, ಅಲುಗಾಟ ಡಯಲ್ ಗೇಜ್‌ನಲ್ಲಿ ನೋಡಿ ಕೊಟ್ಟರು. ಇಂಥ ಕೆಲಸ ಬಲ್ಲವರು ಹತ್ತಿರ ಇರುವುದು ಯಾವ ದುಬಾರಿ ಇಸಿಯುಗಿಂತಲೂ ದೊಡ್ಡ ಭಾಗ್ಯ.

ಖಾಲಿ ಹಲ್ಲು ಸೆನ್ಸರ್ ಎದುರು ಬರುವ ಹೊತ್ತು ಪಿಸ್ಟನ್ ಟಿಡಿಸಿಗೆ (ತನ್ನ ಓಟದ ಮೇಲಿನ ತುದಿಗೆ) ಬರುವ ಹೊತ್ತು ಆಗಬಾರದು. ಸ್ಟಾರ್ಟರ್ ತಿರುಗಿಸುವಾಗ ಕಂಪ್ರೆಷನ್‌ನ ತುದಿಯಲ್ಲಿ ಕ್ರ್ಯಾಂಕ್ ನಿಧಾನವಾಗುತ್ತದೆ, ಹಲ್ಲು ಹಲ್ಲಿನ ನಡುವಿನ ಸಮಯ ಹಿಗ್ಗುತ್ತದೆ, ಇರುವ ಹಲ್ಲನ್ನೂ ಇಸಿಯು ಖಾಲಿ ಎಂದು ಓದಬಹುದು. ನಾವು ಟಿಡಿಸಿಗೆ ಸಾಕಷ್ಟು ಮೊದಲೇ ಖಾಲಿ ಜಾಗ ಬರುವಂತೆ ಇಟ್ಟೆವು. ಹಲ್ಲು ಎಣಿಸುವ ಸೆನ್ಸರ್ ಹಾಲ್ ಮಾದರಿಯದು (ಒಳಗೇ ಎಲೆಕ್ಟ್ರಾನಿಕ್ಸ್ ಇರುವಂಥದ್ದು), ಹಲ್ಲಿಗೂ ಅದಕ್ಕೂ ಅಂತರ 1 ಮಿಮೀ. ವಿಆರ್ ಸೆನ್ಸರ್ (ಬರೀ ಅಯಸ್ಕಾಂತ, ಸುರುಳಿ ಇರುವಂಥದ್ದು) ಅಗ್ಗ, ಗಟ್ಟಿ, ಆದರೆ ಅದರ ಸಿಗ್ನಲ್ ವೇಗದ ಜೊತೆ ಏರುತ್ತದೆ. ಸ್ಟಾರ್ಟ್ ಆಗುವಾಗ ಅತಿ ಸಣ್ಣದು. ಅದಕ್ಕೆ ಒಳ್ಳೆಯ ಕಂಡೀಷನರ್ ಸರ್ಕ್ಯೂಟ್ ಬೇಕು. ಹಾಲ್ ನಿಧಾನ ವೇಗದಲ್ಲೂ ಸ್ಪಷ್ಟ ಚೌಕ ಅಲೆ ಕೊಡುತ್ತದೆ.

ಹೆಸರುಗಳ ಪಟ್ಟಿ

ಈಗ ಬ್ರ್ಯಾಂಡ್ ಮಾತಾಡಬಹುದು. ಆಸ್ಟ್ರೇಲಿಯಾದ ಮೋಟೆಕ್ ಮೇಲೆ ನನಗೆ ಅಪಾರ ಗೌರವ, ಆದರೆ ಈ ಎಸ್ಟೀಮ್ ಇಡೀ ಗಾಡಿಗೆ ಕೊಟ್ಟ ದುಡ್ಡಿಗಿಂತ ಅದರ ಪೆಟ್ಟಿಗೆಯ ಬೆಲೆ ಹೆಚ್ಚು. ನ್ಯೂಜಿಲೆಂಡ್‌ನ ಲಿಂಕ್, ಆಸ್ಟ್ರೇಲಿಯಾದ ಹಾಲ್ಟೆಕ್, ಪೋಲೆಂಡ್‌ನ ಇಸಿಯುಮಾಸ್ಟರ್, ಮೂರೂ ನಾಲ್ಕು ಥ್ರಾಟಲ್‌ನ ಎಂಜಿನ್ ಸಲೀಸಾಗಿ ಓಡಿಸುತ್ತವೆ. ಟರ್ಬೊ ಹಾಕಿದ್ದರೆ ನಾನು ಈ ಮೂರರಲ್ಲೇ ಒಂದನ್ನು ತರುತ್ತಿದ್ದೆ. ಉದಾಹರಣೆಗೆ ಇಸಿಯುಮಾಸ್ಟರ್‌ನ ಇಎಂಯು ಬ್ಲ್ಯಾಕ್‌ನಲ್ಲಿ ವೈಡ್‌ಬ್ಯಾಂಡ್ ಕಂಟ್ರೋಲರ್ ಒಳಗೇ ಇದೆ, ನಾಕ್ ಸೆನ್ಸರ್‌ಗೆ ಎರಡು ಚಾನೆಲ್ ಇವೆ. ಬೂಸ್ಟ್ ಇರುವ ಎಂಜಿನ್‌ನಲ್ಲಿ ನಾಕಿಂಗ್ ಗ್ರಹಿಸಿ ತಕ್ಷಣ ಟೈಮಿಂಗ್ ಹಿಂದೆಳೆಯುವ ಶಕ್ತಿಗೆ ದುಡ್ಡು ಕೊಡಲೇಬೇಕು. ಒಂದು ಪಿಸ್ಟನ್ ಉಳಿದರೆ ಆ ದುಡ್ಡು ವಾಪಸ್.

ನಮ್ಮದು ಬೂಸ್ಟ್ ಇಲ್ಲದ ಎಂಜಿನ್. ಹಾಗಾಗಿ ಕೊನೆಯ ಸುತ್ತಿಗೆ ಉಳಿದದ್ದು ಮೂರು. ಮೊದಲನೆಯದು ಮೈಕ್ರೋಸ್ಕ್ವರ್ಟ್. ಅಮೆರಿಕದ ಬ್ರೂಸ್ ಬೌಲಿಂಗ್, ಅಲ್ ಗ್ರಿಪ್ಪೊ ಇಬ್ಬರೂ 2001ರ ಹೊತ್ತಿಗೆ ಶುರುಮಾಡಿದ ಮೆಗಾಸ್ಕ್ವರ್ಟ್‌ನ ಸಣ್ಣ ರೂಪ. ಮನೆಯಲ್ಲಿ ಕೂತು ಸೋಲ್ಡರ್ ಮಾಡಿ ಇಸಿಯು ಕಟ್ಟಬಹುದು ಎಂದು ಸಾವಿರಾರು ಜನರಿಗೆ ತೋರಿಸಿದವರು ಅವರು. ಮೈಕ್ರೋಸ್ಕ್ವರ್ಟ್ ಪುಟ್ಟ ಪೆಟ್ಟಿಗೆ, ಮುಚ್ಚಿದ ಕನೆಕ್ಟರ್, ಮಣ್ಣಿನ ಗಾಡಿಗೆ ಹೇಳಿ ಮಾಡಿಸಿದ್ದು. ಇಂಜೆಕ್ಟರ್‌ಗೆ ಎರಡು, ಇಗ್ನಿಷನ್‌ಗೆ ಎರಡು ಚಾನೆಲ್. ಎರಡನೆಯದು ರುಸ್‌ಇಎಫ್‌ಐ, ಎಸ್‌ಟಿಎಂ32 ಪ್ರಾಸೆಸರ್ ಮೇಲೆ ಕಟ್ಟಿದ ಮುಕ್ತ ಯೋಜನೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಎಂಜಿನ್‌ಗೆ ಮನೆಕಟ್ಟು ಇಸಿಯು ಬೇಕೆಂದರೆ ಇದೇ ದಾರಿ. ಮೂರನೆಯದು ಸ್ಪೀಡುಯಿನೊ, ಆಸ್ಟ್ರೇಲಿಯಾದ ಜಾಶ್ ಸ್ಟುವರ್ಟ್ ಶುರುಮಾಡಿದ, ಆರ್ಡುಯಿನೊ ಮೆಗಾ ಎಂಬ ಸಾಮಾನ್ಯ ಎಲೆಕ್ಟ್ರಾನಿಕ್ಸ್ ಬೋರ್ಡ್ ಮೇಲೆ ಓಡುವ ಮುಕ್ತ ಯೋಜನೆ.

ಕೈಗೆ ತೆಗೆದುಕೊಂಡದ್ದು ಸ್ಪೀಡುಯಿನೊ. ಕಾರಣ ಹೇಳುತ್ತೇನೆ.

ಅದರ ಆರ್ಡುಯಿನೊ ಮೆಗಾ ಬೋರ್ಡ್ ಎಸ್.ಪಿ. ರೋಡಿನಲ್ಲಿ ಕೇಳಿದ ತಕ್ಷಣ ಸಿಗುತ್ತದೆ. ಇಂಜೆಕ್ಟರ್ ಓಡಿಸುವ ಮಾಸ್‌ಫೆಟ್ ಸುಟ್ಟರೆ ಬದಲಾಯಿಸಿ ಸೋಲ್ಡರ್ ಮಾಡಬಹುದು. ಸರ್ಕ್ಯೂಟ್ ನಕ್ಷೆ ಎಲ್ಲರ ಎದುರಿಗೇ ಇದೆ, ಸಾಫ್ಟ್‌ವೇರ್ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಪರವಾನಗಿಯದು. ಮೆಗಾಸ್ಕ್ವರ್ಟ್‌ನ ಸಾಫ್ಟ್‌ವೇರನ್ನು ಅವರದೇ ಹಾರ್ಡ್‌ವೇರ್ ಮೇಲೆ ಮಾತ್ರ ಬಳಸಬೇಕು. ಅದು ಅವರ ಹಕ್ಕು, ಗೌರವಿಸುತ್ತೇನೆ. ಆದರೆ ಶನಿವಾರ ರಾತ್ರಿ ಗೋಣಿಕೊಪ್ಪದ ಹತ್ತಿರ ಬೋರ್ಡ್ ಸತ್ತರೆ ಭಾನುವಾರ ಬೆಳಿಗ್ಗೆ ಓಡಬೇಕು ಎನ್ನುವವನಿಗೆ, ಬಿಡಿಭಾಗ ಚೀಲದಲ್ಲೇ ಇರುವುದು ಮುಖ್ಯ. ನಾಲ್ಕು ಇಂಜೆಕ್ಟರ್, ನಾಲ್ಕು ಇಗ್ನಿಷನ್ ಚಾನೆಲ್ ಇರುವುದರಿಂದ ಮುಂದೆ ಕ್ಯಾಮ್ ಸಿಗ್ನಲ್ ಕೊಟ್ಟು ಪೂರ್ತಿ ಸೀಕ್ವೆನ್ಷಿಯಲ್ ಮಾಡುವ, ಅಂದರೆ ಪ್ರತಿ ಸಿಲಿಂಡರ್‌ಗೂ ಅದರದೇ ಸರದಿಯಲ್ಲಿ ಪೆಟ್ರೋಲ್ ಬಿಡುವ, ದಾರಿಯೂ ತೆರೆದಿದೆ. ಆಲ್ಫಾ-ಎನ್ ಇದೆ, ಬೇರೆ ಬ್ಯಾರೊ (ವಾತಾವರಣದ ಒತ್ತಡದ) ಸೆನ್ಸರ್‌ಗೆ ಅವಕಾಶ ಇದೆ, 36-1 ಹಾಲ್ ಸಿಗ್ನಲ್ ಓದುತ್ತದೆ. ನಮ್ಮ ಎರಡೂ ಪ್ರಶ್ನೆಗೆ ಉತ್ತರ ಕೊಟ್ಟಿತು. 8-ಬಿಟ್, 16 ಮೆಗಾಹರ್ಟ್ಸ್ ಪ್ರಾಸೆಸರ್ ಎಂದು ಮೂಗು ಮುರಿಯುವವರಿದ್ದಾರೆ. 36-1 ಚಕ್ರ, ನಾಲ್ಕು ಸಿಲಿಂಡರ್, 7500 ಆರ್‌ಪಿಎಂಗೆ ಅದು ಸಾಕೆಂದು ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಅದರ ದೌರ್ಬಲ್ಯವೂ ಗೊತ್ತಿರಬೇಕು. ಆರ್ಡುಯಿನೊ ಪಿನ್‌ಗಳ ಮೇಲೆ ಕೂರುವ ಬೋರ್ಡ್ ಕಂಪನಕ್ಕೆ ಎಂದು ಮಾಡಿದ್ದಲ್ಲ, ನೀರು ಬಿದ್ದರೆ ತಡೆಯುವುದಿಲ್ಲ. ಆದ್ದರಿಂದ ಎಂಜಿನ್ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಪಕ್ಕದ ಸೀಟಿನ ಮುಂದೆ, ಡ್ಯಾಶ್ ಕೆಳಗೆ, ಅಲ್ಯುಮಿನಿಯಂ ಡಬ್ಬಿಯೊಳಗೆ ರಬ್ಬರ್ ಮೌಂಟ್ ಮೇಲೆ ಇದೆ. ಎರಡು ಬೋರ್ಡ್‌ಗಳು ಬಿಡಿಸಿಕೊಳ್ಳದಂತೆ ಮೂಲೆಗಳಲ್ಲಿ ಸ್ಪೇಸರ್ ಮತ್ತು ಸ್ಕ್ರೂ. ಇನ್ನೊಂದು ಸಂಗತಿ: ಅದರ ಇಗ್ನಿಷನ್ ಔಟ್‌ಪುಟ್ ಬರೀ ಸೂಚನೆ ಮಾತ್ರ. ಕಾಯಿಲನ್ನು ನೇರವಾಗಿ ಕಟ್ಟಿದರೆ ಬೋರ್ಡ್ ಹೋಯಿತೆಂದೇ ಅರ್ಥ. ಒಳಗೇ ಇಗ್ನೈಟರ್ (ಆ ಸೂಚನೆ ಪಡೆದು ಕಾಯಿಲ್‌ನ ಕರೆಂಟ್ ಕಡಿಯುವ ಸ್ವಿಚ್) ಇರುವ ಕಾಯಿಲ್ ಪ್ಯಾಕ್ ಬೇಕು. ನಮ್ಮದು 1-4, 2-3 ಜೋಡಿಯ ವೇಸ್ಟೆಡ್ ಸ್ಪಾರ್ಕ್, ಅಂದರೆ ಜೋಡಿಯ ಎರಡೂ ಸಿಲಿಂಡರ್‌ಗೆ ಒಟ್ಟಿಗೇ ಸ್ಪಾರ್ಕ್ ಹೋಗುವಂಥದ್ದು.

ವೈರಿಂಗ್

ಹಾರ್ನೆಸ್ ಪೂರ್ತಿ ಹೊಸದು. ಇಲ್ಲಿ ಎರಡು ನಿಯಮ ಬಿಟ್ಟುಕೊಡಲಿಲ್ಲ. ಸೆನ್ಸರ್‌ಗಳ ಅರ್ತ್ ಬಾಡಿಗೆ ಹೋಗಬಾರದು, ಇಸಿಯುಗೇ ವಾಪಸ್ ಬರಬೇಕು. ಥ್ರಾಟಲ್ ಸೆನ್ಸರ್‌ನ ಅರ್ತ್ ಬಾಡಿಯಲ್ಲಿದ್ದು, ಫ್ಯಾನ್ ಶುರುವಾದಾಗ ಅಲ್ಲಿ ಕಾಲು ವೋಲ್ಟ್ ಎದ್ದರೆ ಥ್ರಾಟಲ್ ಐದಾರು ಪರ್ಸೆಂಟ್ ತೆರೆದಂತೆ ಇಸಿಯುಗೆ ಕಾಣುತ್ತದೆ. ಆಲ್ಫಾ-ಎನ್‌ನಲ್ಲಿ ಅದು ನೇರ ಪೆಟ್ರೋಲ್‌ಗೆ ಹೋಗುತ್ತದೆ. ಇಸಿಯುವಿನ ಪವರ್ ಅರ್ತ್‌ಗಳು ಮಾತ್ರ ದಪ್ಪ ವೈರಿನಲ್ಲಿ ಎಂಜಿನ್ ಬ್ಲಾಕಿಗೆ, ಒಂದೇ ಜಾಗಕ್ಕೆ. ಇನ್ನೊಂದು, ಕ್ರ್ಯಾಂಕ್ ಸೆನ್ಸರ್‌ಗೆ ಶೀಲ್ಡ್ ಇರುವ ಕೇಬಲ್. ಶೀಲ್ಡ್ ಒಂದೇ ತುದಿಯಲ್ಲಿ, ಇಸಿಯು ಕಡೆ, ಅರ್ತ್. ಅದನ್ನು ಪ್ಲಗ್ ವೈರ್‌ಗಳಿಂದ ದೂರ ತಂದಿದ್ದೇವೆ. ಪ್ಲಗ್‌ಗಳು ರೆಸಿಸ್ಟರ್ ಇರುವವೇ ಆಗಬೇಕು. ರೆಸಿಸ್ಟರ್ ಇಲ್ಲದ ಪ್ಲಗ್‌ನ ವಿದ್ಯುತ್ ಸದ್ದು (ಸಿಗ್ನಲ್ ಕೆಡಿಸುವ ಅಲೆ) ಆರ್ಡುಯಿನೊವನ್ನೇ ರೀಸೆಟ್ ಮಾಡಬಲ್ಲದು.

ಜೆ.ಸಿ. ರೋಡಿನಿಂದ ತಂದ ನೀರು ತಡೆಯುವ ಕನೆಕ್ಟರ್‌ಗಳನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದಲೇ ಕ್ರಿಂಪ್ ಮಾಡಿದೆವು. ಕಂಪನ ಇರುವಲ್ಲಿ ಸೋಲ್ಡರ್ ಮಾಡಿದ ಕೀಲು ಗಡುಸಾಗಿ ಅದರ ಅಂಚಿನಲ್ಲೇ ವೈರ್ ತುಂಡಾಗುತ್ತದೆ.

ಮೊದಲ ಸ್ಟಾರ್ಟ್, ಆಮೇಲಿನ ತೊಂದರೆ

ಸ್ಟಾರ್ಟ್ ಮಾಡುವ ಮೊದಲು ಇಂಜೆಕ್ಟರ್ ಕನೆಕ್ಟರ್ ಕಿತ್ತು, ಟ್ಯೂನರ್‌ಸ್ಟುಡಿಯೊ ಎಂಬ ಟ್ಯೂನಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿ ನೋಡುವುದು. ಇಸಿಯು ಪರದೆಯಲ್ಲಿ 10, ಪುಲ್ಲಿ ಮೇಲೂ 10 ಬರುವವರೆಗೆ ಟ್ರಿಗರ್ ಕೋನ ತಿದ್ದುವುದು. ಇದನ್ನು ಬಿಟ್ಟು ಮುಂದೆ ಹೋದವರ ಇಗ್ನಿಷನ್ ಕೋಷ್ಟಕದಲ್ಲಿ ಯಾವ ಅಂಕಿಗೂ ಅರ್ಥವಿಲ್ಲ.

ಎಂಜಿನ್ ಹತ್ತಿಕೊಂಡಿತು. ಐಡ್ಲಿಂಗ್‌ಗೆ ಇಸಿಯುಗಿಂತ ಮೊದಲು ನಾಲ್ಕು ಥ್ರಾಟಲ್ ಒಂದೇ ಸಮ ಆಗಬೇಕು. ಈ ವಿದ್ಯೆ ಬೈಕ್ ಮೆಕ್ಯಾನಿಕ್‌ಗಳದು: ನಾಲ್ಕು ವ್ಯಾಕ್ಯೂಮ್ ಗೇಜ್ ಹಾಕಿ ಸ್ಕ್ರೂ ತಿರುಗಿಸಿ ಸಮ ಮಾಡುವುದು. ಅದಾದ ಮೇಲೆ ಕೋಷ್ಟಕದ ಥ್ರಾಟಲ್ ಸಾಲುಗಳನ್ನು ಕೆಳಗಡೆ ಒತ್ತೊತ್ತಾಗಿ ಇಟ್ಟೆವು: 0, 1, 2, 3, 5, 7, 10, 15, ಆಮೇಲೆ ದೊಡ್ಡ ಹೆಜ್ಜೆ. ನಾಲ್ಕು ದೊಡ್ಡ ಬಟರ್‌ಫ್ಲೈ ಇರುವಾಗ ಮೊದಲ ಕೆಲವೇ ಪರ್ಸೆಂಟ್‌ನಲ್ಲಿ ಗಾಳಿ ಬಹಳ ಬೇಗ ಏರುತ್ತದೆ, 60ರಿಂದ 100ರ ನಡುವೆ ಹೆಚ್ಚೇನೂ ಬದಲಾಗುವುದಿಲ್ಲ. ಸಮ ಅಂತರದಲ್ಲಿ ಹಂಚಿದರೆ ಬೇಕಾದ ಕಡೆ ಕೋಷ್ಟಕದಲ್ಲಿ ಸಾಲುಗಳೇ ಸಿಗುವುದಿಲ್ಲ.

ಆಮೇಲೆ ಒಂದು ತೊಂದರೆ ಕಾಡಿತು. 5500 ಆರ್‌ಪಿಎಂ ಹತ್ತಿರ ಎಂಜಿನ್ ತಟಕ್ಕನೆ ಕಡಿದು ಮತ್ತೆ ಹಿಡಿಯುತ್ತಿತ್ತು. ಇಸಿಯು ಬರೆದಿಡುವ ಲಾಗ್‌ನಲ್ಲಿ ಸಿಂಕ್ ಲಾಸ್ (ಹಲ್ಲಿನ ಲೆಕ್ಕ ತಪ್ಪಿದ್ದು) ಎಣಿಕೆ ಏರುತ್ತಿತ್ತು. ಎಲ್ಲರೂ ಇಗ್ನಿಷನ್‌ನ ವಿದ್ಯುತ್ ಸದ್ದು ಎಂದರು. ಆದರೆ ಲಾಗನ್ನು ನಿಧಾನವಾಗಿ ನೋಡಿದಾಗ, 6200 ದಾಟಿದ ಮೇಲೆ ತೊಂದರೆ ಇಲ್ಲವೇ ಇಲ್ಲ. ವಿದ್ಯುತ್ ಸದ್ದಾದರೆ ವೇಗ ಏರಿದಂತೆ ಹೆಚ್ಚಬೇಕು. ಒಂದೇ ವೇಗದ ಆಸುಪಾಸಿನಲ್ಲಿ ಬಂದು ಅದರ ಮೇಲೆ ಮಾಯವಾಗುವುದು ಯಾಂತ್ರಿಕ ಕಂಪನದ ಗುಣ. ಸೆನ್ಸರ್ ಬ್ರ್ಯಾಕೆಟ್ 3 ಮಿಮೀ ತಗಡು, ಒಂದೇ ಬೋಲ್ಟ್‌ನಿಂದ ನೇತಾಡುತ್ತಿತ್ತು. ಆ ವೇಗದಲ್ಲಿ ಅದು ನಡುಗಿ ಅಂತರ ಬದಲಾಗುತ್ತಿತ್ತು. 8 ಮಿಮೀ ಅಲ್ಯುಮಿನಿಯಂ ಪ್ಲೇಟ್, ಎರಡು ಬೋಲ್ಟ್, ಮಧ್ಯೆ ಒಂದು ಗಸೆಟ್ (ಮೂಲೆಗೆ ಆಸರೆಯ ತಗಡು) ಹಾಕಿದ ಮೇಲೆ ಸಿಂಕ್ ಲಾಸ್ ಸೊನ್ನೆ. ಹೊಸ ಇಸಿಯು ತಂದಿದ್ದರೂ ಈ ಕಾಯಿಲೆ ಹಾಗೇ ಮುಂದುವರಿಯುತ್ತಿತ್ತು.

ಟ್ಯೂನಿಂಗ್ ಈಗ ಎಲ್ಲಿದೆ

ಪೂರ್ತಿ ಥ್ರಾಟಲ್ ಲ್ಯಾಂಬ್ಡಾ 0.87. ಸ್ಪಾರ್ಕ್ ಟೈಮಿಂಗನ್ನು ಬೇಕಾದ್ದಕ್ಕಿಂತ ಕಡಿಮೆಯಲ್ಲಿ ಶುರುಮಾಡಿ, ಡೈನೊದಲ್ಲಿ (ಎಂಜಿನ್ ಶಕ್ತಿ ಅಳೆಯುವ ಯಂತ್ರದಲ್ಲಿ) ಎರಡೆರಡು ಡಿಗ್ರಿ ಏರಿಸಿ, ಟಾರ್ಕ್ ಏರುವುದು ನಿಂತ ಕಡೆ ನಿಲ್ಲಿಸಿದ್ದೇವೆ. ನಾಕ್ ಸೆನ್ಸರ್ ಇಲ್ಲದ್ದರಿಂದ ಬ್ಲಾಕಿಗೆ ಚಪ್ಪಟೆ ಮಾಡಿದ ತಾಮ್ರದ ಪೈಪ್ ಬೋಲ್ಟ್ ಮಾಡಿ, ಅದರಿಂದ ಹೋಸ್ ಎಳೆದು ಇಯರ್‌ಮಫ್‌ಗೆ ಸೇರಿಸಿ ಒಬ್ಬರು ಕೇಳುತ್ತಾ ಕೂರಬೇಕು. ಹಳೆಯ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ. ಟೈಮಿಂಗ್ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಕ್ಯಾಮ್, ಕಂಪ್ರೆಷನ್ ಬೇರೆ ಇರುವ ಎಂಜಿನ್‌ಗೆ ಯಾರಾದರೂ ನಕಲು ಮಾಡಿಕೊಂಡರೆ ಹಾನಿ ಅವರದಾಗುತ್ತದೆ.

ಬ್ಯಾರೊ ತಿದ್ದುಪಡಿಯನ್ನು ಮಂಗಳೂರಿನ ಕಡೆ ಹೋದಾಗ ಪರೀಕ್ಷಿಸಿದೆವು. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ ಬೆಂಗಳೂರಿನ ಅಂಕಿಗೆ ಹತ್ತಿರವೇ ಇತ್ತು. ಸಣ್ಣ ಥ್ರಾಟಲ್‌ನಲ್ಲಿ ಸ್ವಲ್ಪ ರಿಚ್ ಆಯಿತು. ತಿದ್ದುಪಡಿಯ ಕೋಷ್ಟಕ ಎಲ್ಲ ಥ್ರಾಟಲ್‌ಗೂ ಒಂದೇ, ಅಷ್ಟು ಬಿಟ್ಟುಕೊಟ್ಟಿದ್ದೇವೆ. ಗಾಳಿಯ ತಾಪದ ಸೆನ್ಸರ್ ಮಾತ್ರ ಜಾಗ ಬದಲಿಸಬೇಕಿದೆ. ಓಟ ಮುಗಿಸಿ ಸಾಲಿನಲ್ಲಿ ನಿಂತಾಗ ಎಂಜಿನ್ ಬಿಸಿ ಹೀರಿಕೊಂಡು, ಒಳಬರುವ ಗಾಳಿಗಿಂತ ಎಷ್ಟೋ ಹೆಚ್ಚು ತಾಪ ತೋರಿಸುತ್ತದೆ, ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ, ಮುಂದಿನ ಸ್ಟಾರ್ಟ್‌ನ ಮೊದಲ ಕೆಲವು ಸೆಕೆಂಡ್ ಲೀನ್. ಸೆನ್ಸರನ್ನು ಏರ್‌ಬಾಕ್ಸ್‌ನ ಬಾಯಿಗೆ, ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ತುಂಡಿನಲ್ಲಿ ಕೂರಿಸುವ ಕೆಲಸ ಮುಂದಿನ ವಾರದ್ದು. ಜೊತೆಗೆ ಅದೇ ಟ್ಯೂನ್ ತುಂಬಿದ ಎರಡನೇ ಬೋರ್ಡ್ ಒಂದನ್ನು ಡಬ್ಬಿಯಲ್ಲಿ ಸೀಲ್ ಮಾಡಿ ಗಾಡಿಯ ಟೂಲ್ ಬ್ಯಾಗಿಗೆ ಹಾಕುವುದಿದೆ.